ಕಂಬ ಯಾರದ್ದು, ಬಲ್ಬು ಯಾರದ್ದು: ವಾಮಂಜೂರು ಪೋಷಕರ ಮನವಿ ಪತ್ರ

ಇವರಿಗೆ,
ಮಾನ್ಯ ಉಪನಿರ್ದೇಶಕರು (ಆಡಳಿತ),
ಶಾಲಾ ಶಿಕ್ಷಣ ಇಲಾಖೆ,
ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು.

ಇವರಿಂದ,
ವಾಮಂಜೂರು, ತಿರುವೈಲು ಆಸುಪಾಸಿನ ಪ್ರಾಥಮಿಕ ಶಾಲಾ ಮಕ್ಕಳ ಪೋಷಕರು.

ಮಾನ್ಯರೇ,

ವಿಷಯ: ಪ್ರಾಥಮಿಕ ಶಾಲೆಗಳಲ್ಲಿ ಸರ್ಕಾರದ ಕುರಿತ ಪಾಠವನ್ನು ಮಕ್ಕಳೇ ಬಿಡಿಸುವ ಚಿತ್ರ ಮತ್ತು ನಕ್ಷೆಗಳ ಮೂಲಕ ಕಲಿಸುವ ಬಗ್ಗೆ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮದು ನೋಂದಾಯಿತ ಸಂಘವಲ್ಲ. ಲೆಟರ್‌ಹೆಡ್ ಇಲ್ಲ, ಅಧ್ಯಕ್ಷರಿಲ್ಲ, ಕೋಶಾಧಿಕಾರಿಯಂತೂ ಇಲ್ಲವೇ ಇಲ್ಲ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ವಾಮಂಜೂರು ಜಂಕ್ಷನ್ನಿನಲ್ಲಿ ಕಾಯುವ ಅಪ್ಪ ಅಮ್ಮ, ಅಜ್ಜಿ, ಮಾವಂದಿರು ನಾವು. ನಮ್ಮ ಮಕ್ಕಳು ಸರ್ಕಾರಿ, ಅನುದಾನಿತ, ಖಾಸಗಿ ಹೀಗೆ ಮೂರೂ ಬಗೆಯ ಶಾಲೆಗಳಿಗೆ ಹೋಗುತ್ತಾರೆ. ಮೂರೂ ಕಡೆ ಒಂದೇ ತಾಪತ್ರಯ ಕಂಡದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇವೆ.

ತಾಪತ್ರಯದ ಹೆಸರು ‘ಪ್ರಾಜೆಕ್ಟ್’. ರಾತ್ರಿ ಎಂಟು ಗಂಟೆಗೆ ಊಟಕ್ಕೆ ಕುಳಿತಾಗ ಮಗುವಿಗೆ ನೆನಪಾಗುತ್ತದೆ: ನಾಳೆ ಬೆಳಿಗ್ಗೆ ‘ನಮ್ಮ ಸರ್ಕಾರ’ ಚಾರ್ಟ್ ಕೊಡಬೇಕು. ಅಪ್ಪ ಶಟರ್ ಎಳೆಯುವ ಮೊದಲೇ ಸ್ಟೇಷನರಿ ಅಂಗಡಿಗೆ ಓಡುತ್ತಾನೆ. ನಮ್ಮಲ್ಲೊಬ್ಬರು ಹೀಗೆ ಏದುಸಿರು ಬಿಡುತ್ತ ಹೋಗಿ “ಸರ್ಕಾರ ಉಂಟಾ?” ಎಂದು ಕೇಳಿದರು. ಅಂಗಡಿಯವರು ತಲೆ ಎತ್ತಲೂ ಇಲ್ಲ, “ಸಂಸತ್ತು ಬೇಕಾ, ವಿಧಾನಸೌಧ ಬೇಕಾ, ಎರಡೂ ಇರುವುದು ಬೇಕಾ?” ಎಂದರು. ಎರಡೂ ಇರುವುದನ್ನು ತಂದು, ಅಂಚು ಕತ್ತರಿಸಿ, ಅಂಟಿಸಿ, ಅಮ್ಮ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಆ ರಾತ್ರಿ ಸರ್ಕಾರದ ಬಗ್ಗೆ ಯಾರಾದರೂ ಏನಾದರೂ ಕಲಿತಿದ್ದರೆ ಅದು ಅಂಗಡಿಯವರು ಮಾತ್ರ.

ದುಡ್ಡಿದ್ದವರ ಮನೆಯಲ್ಲಿ ಇದು ಥರ್ಮೊಕೋಲಿನ ಸಂಸತ್ ಭವನವಾಗುತ್ತದೆ. ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹಾಗಿದ್ದೂ ಸರ್ಕಾರದ ಪಾಠಕ್ಕೆಂದೇ ಅದು ಶಾಲೆಗೆ ಬರುತ್ತದೆ, ವರ್ಷದ ಕೊನೆಗೆ ಕಸದ ಗಾಡಿ ಹತ್ತುತ್ತದೆ. ಗಾಡಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಾಮಂಜೂರಿನವರಿಗೆ ಹೇಳಬೇಕಾಗಿಲ್ಲ. ಪಚ್ಚನಾಡಿಯ ಗಾಳಿ ಬೀಸಿದರೆ ನಮಗೇ ಗೊತ್ತಾಗುತ್ತದೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ರಾಶಿ ಮಂದಾರಕ್ಕೆ ಜಾರಿ ತೋಟಗಳನ್ನು ಮುಚ್ಚಿದ್ದನ್ನು, ಜನ ಮನೆ ಬಿಟ್ಟು ಹೋದದ್ದನ್ನು ನಾವು ಕಂಡವರು. ನಗರಾಡಳಿತ ಎಂದರೇನು ಎಂದು ಕಲಿಯಲು ಇದಕ್ಕಿಂತ ಹತ್ತಿರದ ಪಾಠ ನಮ್ಮ ಮಕ್ಕಳಿಗೆ ಬೇರೆ ಇಲ್ಲ. ಆದರೆ ಯಾವ ಚಾರ್ಟಿನಲ್ಲೂ ಪಚ್ಚನಾಡಿ ಇಲ್ಲ, ಎಲ್ಲ ಚಾರ್ಟುಗಳಲ್ಲೂ ಇರುವುದು ಸುಮಾರು 350 ಕಿಲೋಮೀಟರ್ ದೂರದ ವಿಧಾನಸೌಧ.

ಇದನ್ನು ಬದಲಿಸಬಹುದೇ ಎಂದು ನೋಡಲು ಕಳೆದ ರಜೆಯಲ್ಲಿ ನಾವೇ ಒಂದು ಪ್ರಯತ್ನ ಮಾಡಿದೆವು. ಒಂದು ಮನೆಯ ಜಗಲಿಯಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿ, ಹಳೆಯ ಮದುವೆ ಕಾಗದಗಳನ್ನು ಕೊಟ್ಟು, ಹಿಂಬದಿಯಲ್ಲಿ ವಾಮಂಜೂರು ಜಂಕ್ಷನ್ ಬಿಡಿಸಲು ಹೇಳಿದೆವು. ಆಮೇಲೆ ಮೂರು ಬಣ್ಣದ ಪೆನ್ಸಿಲು ಕೊಟ್ಟೆವು. ದಿಲ್ಲಿಯ ಸರ್ಕಾರ ನೋಡಿಕೊಳ್ಳುವುದಕ್ಕೆ ಕಂದು, ಬೆಂಗಳೂರಿನದ್ದಕ್ಕೆ ನೇರಳೆ, ಲಾಲ್‌ಬಾಗಿನ ಮಂಗಳೂರು ಮಹಾನಗರ ಪಾಲಿಕೆಯದ್ದಕ್ಕೆ ನೀಲಿ. (ಕೇಸರಿ, ಹಸಿರು, ಕೆಂಪು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ನಮ್ಮ ಜಿಲ್ಲೆಯಲ್ಲಿ ಆ ಪೆನ್ಸಿಲುಗಳನ್ನು ಕೈಗೆತ್ತಿಕೊಂಡರೆ ಮಾತು ಬೇರೆ ಕಡೆಗೇ ಹೋಗುತ್ತದೆ.)

ಹೆದ್ದಾರಿ ಸುಲಭವಿತ್ತು. ಮೂಡುಬಿದಿರೆ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಎಲ್ಲರ ಕಾಗದದಲ್ಲೂ ಕಂದಾಯಿತು. ಕರೆಂಟು ಕಂಬದ ಹತ್ತಿರ ಜಗಳ ಶುರುವಾಯಿತು. ಕಂಬ ಮೆಸ್ಕಾಮಿನದ್ದು, ಮೆಸ್ಕಾಂ ರಾಜ್ಯ ಸರ್ಕಾರದ ಕಂಪನಿ, ಹಾಗಾಗಿ ನೇರಳೆ. ಅದಕ್ಕೆ ಕಟ್ಟಿದ ಬೀದಿದೀಪ ಉರಿಯದಿದ್ದರೆ ದೂರು ಕೊಡಬೇಕಾದದ್ದು ಪಾಲಿಕೆಗೆ, ಹಾಗಾಗಿ ಬಲ್ಬು ನೀಲಿ. ಬಸ್ಸು ಖಾಸಗಿಯವರದ್ದು, ಆದರೆ ಪರ್ಮಿಟ್ ಕೊಡುವುದು ಸಾರಿಗೆ ಇಲಾಖೆ. ಒಬ್ಬ ಹುಡುಗ ಇಡೀ ಬಸ್ಸನ್ನು ಬಿಳಿ ಬಿಟ್ಟು ನಂಬರ್ ಪ್ಲೇಟಿಗೆ ಮಾತ್ರ ನೇರಳೆ ಬಳಿದ. ಮೀನು ಮಾರುವಾಕೆಗೆ ಯಾವ ಬಣ್ಣವೂ ಬೇಡ, ಅವಳದ್ದು ಅವಳೇ ನೋಡಿಕೊಳ್ಳುವುದು ಎಂದಿತು ಒಂದು ಮಗು. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ, ಗುರುತಿನ ಚೀಟಿ ಪಾಲಿಕೆ ಕೊಡಬೇಕು ಎಂದು ಹಿರಿಯರೊಬ್ಬರು ತಿಳಿಸಿದ ಮೇಲೆ ಅವಳ ಕೊಡೆಯ ಅಂಚಿಗೆ ಸಣ್ಣ ನೀಲಿ ಗೆರೆ ಬಂತು. ಬಿಸಿಯೂಟದ ತಟ್ಟೆ ಎರಡು ಬಣ್ಣದ್ದಾಯಿತು, ಅದರ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ನಳ್ಳಿಯ ನೀರನ್ನು ಹಿಂಬಾಲಿಸಿ ಹೋದವರು ಬಂಟ್ವಾಳ ತಾಲೂಕಿನ ತುಂಬೆಯ ಕಿಂಡಿ ಅಣೆಕಟ್ಟಿನವರೆಗೂ ಹೋದರು. ಬಾವಿ ಇರುವ ಮನೆಯ ಮಕ್ಕಳು ತಮ್ಮ ಬಾವಿಗೆ ಯಾರೂ ಬಣ್ಣ ಹಚ್ಚಬಾರದೆಂದು ಹಟ ಹಿಡಿದರು. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟದ್ದನ್ನು ಅಜ್ಜಿಯೊಬ್ಬರು ನೆನಪಿಸಿದಾಗ ಮಾತ್ರ ಅವರ ಬಾವಿಗೆ ಎಲ್ಲರೂ ಮರ್ಯಾದೆ ಕೊಟ್ಟರು.

ನಾಲ್ಕನೇ ತರಗತಿಯ ಒಬ್ಬಳು ಹೆದ್ದಾರಿಯ ಡಾಂಬರಿಗೂ ಚರಂಡಿಗೂ ನಡುವೆ ಒಂದು ಗುಂಡಿ ಬಿಡಿಸಿ, ಇದಕ್ಕೆ ಯಾವ ಬಣ್ಣ ಎಂದು ಕೇಳಿದಳು. ಅವಳಮ್ಮ ನೀಲಿ ಎಂದರು, ಮಾವ ಕಂದು ಎಂದರು. ನಾವೆಲ್ಲ ದೊಡ್ಡವರು ಕಾಲು ಗಂಟೆ ವಾದಿಸಿದೆವು, ತೀರ್ಮಾನವಾಗಲಿಲ್ಲ. ಅವಳು ಕಾಯಲಿಲ್ಲ. ಗುಂಡಿಯ ಅರ್ಧಕ್ಕೆ ಕಂದು, ಅರ್ಧಕ್ಕೆ ನೀಲಿ ತುಂಬಿ, ನಡುವಿನ ಗೆರೆಯ ಮೇಲೆ ಬಿದ್ದ ಒಂದು ಸ್ಕೂಟರ್ ಬಿಡಿಸಿದಳು. ನಾವು ವರ್ಷಗಟ್ಟಲೆ ಅರ್ಜಿ ಬರೆದು ಹೇಳಲಾಗದ್ದು ಆ ಸ್ಕೂಟರಿನಲ್ಲಿತ್ತು.

ಅದೇ ಹುಡುಗಿ ಕಾರ್ಪೊರೇಟರ್ ಯಾರೆಂದು ಕೇಳಿದಳು. ಪಾಲಿಕೆಗೆ 60 ವಾರ್ಡುಗಳು, ವಾರ್ಡಿಗೊಬ್ಬರು ಸದಸ್ಯರು ಎಂದು ವಿವರಿಸಿ, ಚುನಾಯಿತ ಪರಿಷತ್ತಿನ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿಯಿತು, ಆ ಮೇಲೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು ಎಂದೆವು. ಅವಳು ಕುರ್ಚಿ ಬಿಡಿಸಿದಳು, ಮನುಷ್ಯರನ್ನು ಬಿಡಿಸಲಿಲ್ಲ. ಅಂಗಡಿಯ ಚಾರ್ಟಿನಲ್ಲಿ ಆ ಕುರ್ಚಿ ಎಂದೂ ಖಾಲಿಯಾಗುವುದಿಲ್ಲ.

ಇಂಥದ್ದೇ ಒಂದು ಚಿತ್ರವನ್ನು ಮಗುವೊಂದು ಶಾಲೆಗೆ ಒಯ್ದಾಗ ಏನಾಯಿತೆಂಬುದನ್ನೂ ಹೇಳಬೇಕು. ಶಾಲೆಯ ಹೆಸರು ಬೇಡ, ದೂರು ಕೊಡುವುದು ನಮ್ಮ ಉದ್ದೇಶವಲ್ಲ. ಅಂಗಡಿಯ ಚಾರ್ಟಿಗೆ ಪೂರ್ಣ ಅಂಕ ಸಿಕ್ಕಿತು. ಈ ಚಿತ್ರಕ್ಕೆ ಅರ್ಧ ಅಂಕ, ಜೊತೆಗೆ ಕೆಂಪು ಶಾಯಿಯಲ್ಲಿ ‘ವಿಧಾನಸೌಧ ಎಲ್ಲಿ?’ ಎಂಬ ಪ್ರಶ್ನೆ. ಶಿಕ್ಷಕಿಯನ್ನು ದೂರಲಾರೆವು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಿಭಾಯಿಸುವವರ ಕೈಯಲ್ಲಿ, ಇಂಥ ಚಿತ್ರವನ್ನು ಹೇಗೆ ಓದಬೇಕೆಂದು ಹೇಳುವ ಒಂದು ಪುಟವೂ ಇರಲಿಲ್ಲ.

ಚಿತ್ರದಿಂದ ಸರ್ಕಾರ ಕಲಿಸುವುದು ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ಸಂವಿಧಾನದ ಕೈಬರಹದ ಮೂಲಪ್ರತಿಯೇ ಚಿತ್ರಗಳ ಪುಸ್ತಕ, ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಅವರ ಶಿಷ್ಯರು ಅದರ ಪುಟಗಳನ್ನು ಸಿಂಗರಿಸಿದರು. ಆ ಸಂವಿಧಾನಕ್ಕೆ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಓದಿದ್ದು ಇದೇ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳ ಕಲಿಕೆಯ ಪ್ರಯೋಗ ಮಾಡುತ್ತ, ಚಿತ್ರಸಹಿತ ‘ಬಾಲ ಪ್ರಪಂಚ’ದ ಸಂಪುಟಗಳನ್ನು ತಂದರು. 2024ರ ಆರಂಭದಲ್ಲಿ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಜಿಲ್ಲೆ ಜಿಲ್ಲೆಗಳಲ್ಲಿ ಸುತ್ತಿದವು, ಮಕ್ಕಳು ನಿಂತು ನೋಡಿದರು. ಸ್ತಬ್ಧಚಿತ್ರ ಬಂದು ಹೋಗುತ್ತದೆ, ಕೈಯಾರೆ ಬಿಡಿಸಿದ್ದು ಮನೆಯ ಗೋಡೆಯ ಮೇಲೆ ಉಳಿಯುತ್ತದೆ. ಭಾಷೆಯ ಮಾತೂ ಇದೆ. ನಮ್ಮ ಒಂದೇ ತರಗತಿಯಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಘಟ್ಟದ ಮೇಲಿನ ಕನ್ನಡ, ಹಿಂದಿ. ‘ಕಾರ್ಯಾಂಗ’ ಎಂಬ ಪದ ಅಷ್ಟೂ ಮಕ್ಕಳಿಗೆ ಸಮನಾಗಿ ಪರಕೀಯ, ನಳ್ಳಿ ಅಷ್ಟೂ ಮಕ್ಕಳಿಗೆ ಸಮನಾಗಿ ಗೊತ್ತು.

ಶಾಲಾ ಸಂಸತ್ತು ಇದೆಯಲ್ಲ ಎಂದು ತಾವು ಕೇಳಬಹುದು. ಇದೆ, ಒಳ್ಳೆಯದೇ. ಜೂನ್ ತಿಂಗಳಲ್ಲಿ ಚುನಾವಣೆ ನಡೆಯುತ್ತದೆ, ಮುಖ್ಯಮಂತ್ರಿ ಆರಿಸಿ ಬರುತ್ತಾರೆ, ಗಿಡಗಳಿಗೆ ನೀರು ಹಾಕುವ ನೀರಾವರಿ ಮಂತ್ರಿಯೂ ಇರುತ್ತಾರೆ. ಆದರೆ ಪ್ರಮಾಣವಚನದ ಮರುದಿನ ಆ ನೀರಾವರಿ ಮಂತ್ರಿಗೆ ಶಾಲೆಯ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತದೆಂದು ಕೇಳಿದರೆ ಗೊತ್ತಿರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಅಂಗಡಿಯಿಂದ ತಂದ ಮುದ್ರಿತ ಚಾರ್ಟಿಗೆ, ಥರ್ಮೊಕೋಲ್ ಮಾದರಿಗೆ ಅಂಕ ಕೊಡಬಾರದೆಂದು ತಾವು ಜಿಲ್ಲೆಯ ಎಲ್ಲ ಶಾಲೆಗಳಿಗೆ ಲಿಖಿತ ಸೂಚನೆ ಹೊರಡಿಸಬೇಕು. ಮಗು ಕಂಡದ್ದನ್ನು ಮಗುವೇ ಬಿಡಿಸಿರಬೇಕು. ಗೆರೆ ಸೊಟ್ಟಗಿರಲಿ. ಹಳೆಯ ಕಾಗದ, ರಟ್ಟು, ಕ್ಯಾಲೆಂಡರಿನ ಹಿಂಬದಿ ಸಾಕು, ಖರ್ಚು ಸೊನ್ನೆ ಇರಬೇಕು. ಚಿತ್ರದ ಮೇಲಿನ ಹೆಸರುಗಳನ್ನು ಮಗು ತನ್ನ ಮನೆಮಾತಿನಲ್ಲಿ, ಕನ್ನಡ ಅಕ್ಷರದಲ್ಲಿ ಬರೆದರೆ ತಪ್ಪು ಹಾಕಬಾರದು. ಹುದ್ದೆಯ ಹೆಸರು ಬರೆಯಲಿ, ನಾಯಕರ ಮುಖ ಕತ್ತರಿಸಿ ಅಂಟಿಸುವುದು ಬೇಡ.

ಸಮಾಜ ವಿಜ್ಞಾನ ಪ್ರತ್ಯೇಕ ವಿಷಯವಾಗುವುದು ಆರನೇ ತರಗತಿಯಲ್ಲಿ. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ, ಪರಿಸರ ಅಧ್ಯಯನದ ಜೊತೆಯಲ್ಲೇ ನಾಲ್ಕನೇ ತರಗತಿಯಿಂದ ಇದನ್ನು ಶುರು ಮಾಡಬಹುದು. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಗಳಲ್ಲಿ ಅವಧಿಗೊಂದನ್ನು ‘ನಮ್ಮ ವಾರ್ಡಿನ ನಕ್ಷೆ’ಗೆ ಮೀಸಲಿಡಬೇಕೆಂದು ಕೋರುತ್ತೇವೆ. ಮಕ್ಕಳನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸುವುದು ಮಾತ್ರ ಖಂಡಿತ ಬೇಡ. ಒಳರಸ್ತೆಗಳಲ್ಲಿ ನಡೆಸಿ, ಜಂಕ್ಷನ್ನನ್ನು ಶಾಲೆಯ ಜಗಲಿಯಿಂದಲೋ ನೆನಪಿನಿಂದಲೋ ಬಿಡಿಸಲಿ. ಜೊತೆಗೆ ನಡೆಯಲು ನಾವು ಪೋಷಕರು ಸರದಿಯ ಮೇಲೆ ಬರಲು ತಯಾರಿದ್ದೇವೆ.

ಶಿಕ್ಷಕರಿಗೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ಒಂದು ದಿನದ ತರಬೇತಿ, ಹತ್ತು ಪುಟ ಮೀರದ ಕೈಪಿಡಿ ಬೇಕು. ಯಾವುದು ಯಾರ ಹೊಣೆ ಎಂಬ ಪಟ್ಟಿ ಅದರಲ್ಲಿರಲಿ. ದಯವಿಟ್ಟು ಮಕ್ಕಳ ಚಿತ್ರಗಳ ಫೋಟೊ ತೆಗೆದು ಯಾವ ಆ್ಯಪಿಗೂ ಅಪ್‌ಲೋಡ್ ಮಾಡಲು ಹೇಳಬೇಡಿ, ಗೂಗಲ್ ಫಾರ್ಮ್ ಕಳಿಸಬೇಡಿ. ಸ್ಪರ್ಧೆಯನ್ನಂತೂ ಮಾಡಲೇಬೇಡಿ. ಪ್ರಥಮ ಬಹುಮಾನ ಘೋಷಿಸಿದ ದಿನವೇ ನಾವು ಪೋಷಕರು ಮತ್ತೆ ಅಂಗಡಿಗೆ ಓಡುತ್ತೇವೆ. ನಮ್ಮ ಬುದ್ಧಿ ನಮಗೆ ಗೊತ್ತಿದೆ.

ಕೊನೆಯ ಬೇಡಿಕೆ ತಮ್ಮ ಇಲಾಖೆಯೊಂದರಿಂದ ಆಗುವಂಥದ್ದಲ್ಲ, ಆದ್ದರಿಂದ ಪಾಲಿಕೆಯ ಆಯುಕ್ತರಿಗೂ ಈ ಪತ್ರದ ಪ್ರತಿ ಸಲ್ಲಿಸುತ್ತಿದ್ದೇವೆ. ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಕ್ರಮ ನಮ್ಮ ರಾಜ್ಯದಲ್ಲಿದೆ. ಅದಕ್ಕೂ ಮೊದಲೇ, 1990ರ ದಶಕದಲ್ಲಿ, ನೆರೆಯ ಕುಂದಾಪುರ ತಾಲೂಕಿನ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡು ಮಕ್ಕಳ ಪಂಚಾಯತ್ ನಡೆಸಿದ್ದರು. ಪಿಲಿಕುಳದ ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಮೂಡುಶೆಡ್ಡೆ ಗ್ರಾಮ ಪಂಚಾಯತಿ, ಅಲ್ಲಿನ ಮಕ್ಕಳಿಗೆ ಈ ಸಭೆಯ ಅವಕಾಶವಿದೆ. ನಮ್ಮ ಮಕ್ಕಳು ಪಾಲಿಕೆಯ ಗಡಿಯೊಳಗೆ ಹುಟ್ಟಿದ ತಪ್ಪಿಗೆ ಅವರಿಗಿಲ್ಲ. ಅದೇ ಪಿಲಿಕುಳದ ತಾರಾಲಯದಲ್ಲಿ ಶನಿಗ್ರಹದ ಬಳೆಗಳನ್ನು ಕಂಡು ಬರುವ ಮಕ್ಕಳಿಗೆ ತಮ್ಮ ಬೀದಿಯ ದೀಪದ ಬಗ್ಗೆ ಕೇಳಲು ಒಂದು ಜಾಗವಿಲ್ಲ. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಮಕ್ಕಳ ವಾರ್ಡ್ ಸಭೆ ನಡೆಯಲಿ. ನಕ್ಷೆಗಳನ್ನು ಲಾಲ್‌ಬಾಗಿನ ಪಾಲಿಕೆ ಕಚೇರಿಯ ಗೋಡೆಯ ಮೇಲೆ ಒಂದು ವಾರ ತೂಗುಹಾಕಲಿ. ಪ್ರತಿ ನಕ್ಷೆಯ ಕೆಳಗೆ ಮಗು ಬರೆದ ಒಂದು ಪ್ರಶ್ನೆಗೆ 30 ದಿನಗಳೊಳಗೆ, ಹತ್ತು ವರ್ಷದವರು ಓದಬಲ್ಲ ಕನ್ನಡದಲ್ಲಿ, ಸಹಿ ಹಾಕಿದ ಉತ್ತರ ಬರಲಿ. ‘ಪರಿಶೀಲನೆಯಲ್ಲಿದೆ’ ಎಂಬುದು ಉತ್ತರವಲ್ಲ. ‘ಆಗುವುದಿಲ್ಲ, ಕಾರಣ ಇದು’ ಎಂಬುದು ಉತ್ತರ.

ಶಾಲೆ ಆರಂಭವಾಗುವ ಮೊದಲು ತಾವು ಮೇಲಿನ ಮೊದಲ ಸೂಚನೆಯನ್ನಾದರೂ ಹೊರಡಿಸಬೇಕೆಂದು, ಉಳಿದವುಗಳ ಬಗ್ಗೆ ಮಾತನಾಡಲು ನಮಗೆ ಒಂದು ದಿನ ಗೊತ್ತುಪಡಿಸಬೇಕೆಂದು ವಿನಂತಿಸುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
(ಪೋಷಕರ ಸಹಿಗಳು ಪ್ರತ್ಯೇಕ ಹಾಳೆಯಲ್ಲಿವೆ)

ಸ್ಥಳ: ವಾಮಂಜೂರು

ಪ್ರತಿ, ಮಾಹಿತಿ ಮತ್ತು ಸೂಕ್ತ ಕ್ರಮಕ್ಕಾಗಿ: ಆಯುಕ್ತರು, ಮಂಗಳೂರು ಮಹಾನಗರ ಪಾಲಿಕೆ, ಪ್ರಾಂಶುಪಾಲರು, ಡಯಟ್, ಮಂಗಳೂರು, ಕ್ಷೇತ್ರ ಶಿಕ್ಷಣಾಧಿಕಾರಿಗಳು.

ಲಗತ್ತು: ಮಕ್ಕಳು ಬಿಡಿಸಿದ ಚಿತ್ರಗಳು, 11. ಇವುಗಳಲ್ಲಿ ಸ್ಕೂಟರ್ ಬಿದ್ದಿರುವ ಚಿತ್ರವನ್ನು ನೋಡಿದ ಮೇಲೆ ವಾಪಸು ಕೊಡಬೇಕಾಗಿ ವಿನಂತಿ. ಬಿಡಿಸಿದವಳು ಆ ಗುಂಡಿ ಯಾವ ಬಣ್ಣದ್ದೆಂದು ತಮ್ಮಿಂದ ತಿಳಿದುಕೊಂಡು ಸರಿಪಡಿಸುತ್ತಾಳಂತೆ.