ಬಿದ್ದದ್ದು ಕಂಪನಿ, ಕೆಳಗೆ ಸಿಕ್ಕಿದವರು ಯಾರು?

ಲಿಂಗರಾಜಪುರದ ನಮ್ಮ ಓಣಿಯಲ್ಲಿ ಸೆಂಟ್ರಿಂಗ್ ಕೆಲಸದ ಮಾವ ಒಬ್ಬರಿದ್ದಾರೆ. ಅವರು ದುಡಿಯುತ್ತಿದ್ದ ಅಪಾರ್ಟ್‌ಮೆಂಟಿನ ಕೆಲಸ ಆರನೇ ಅಂತಸ್ತಿಗೆ ನಿಂತುಹೋಯಿತು. ಐದು ವಾರದ ಬಟವಾಡೆ ಬಾಕಿ. "ಯಾರನ್ನ ಕೇಳಿದ್ರಿ ಮಾವ?" ಅಂದೆ. "ಯಾರನ್ನ ಕೇಳಲಪ್ಪ? ಮೇಸ್ತ್ರಿ ಫೋನೇ ಎತ್ತಲ್ಲ. ಗೇಟಿನ ವಾಚ್‌ಮನ್ನ ಕೇಳ್ದೆ. ಅವನಿಗೂ ಎರಡು ತಿಂಗಳಿಂದ ಸಂಬಳ ಇಲ್ವಂತೆ" ಅಂದರು.

ಆ ಕಂಪನಿಯ ಹೆಸರು ಇಲ್ಲಿ ಬೇಡ. ಮಾವನಿಗೇ ಅದು ಸರಿಯಾಗಿ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಮೇಸ್ತ್ರಿಯ ಹೆಸರು ಮಾತ್ರ. ಇಂಥ ಕಂಪನಿಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಅನ್ನುವುದನ್ನು ಊರಿಗೆಲ್ಲ ಗೊತ್ತಿರುವ ಒಂದು ಹೆಸರಿನಿಂದ ನೋಡೋಣ.

ಮಂತ್ರಿ ಡೆವಲಪರ್ಸ್ ಬೆಂಗಳೂರಿನಲ್ಲಿ ಶುರುವಾದದ್ದು 1999ರಲ್ಲಿ. ಐಟಿ ದುಡ್ಡು ನಗರಕ್ಕೆ ಹರಿದು ಬರುತ್ತಿದ್ದ ಕಾಲ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಅವರ ಮಂತ್ರಿ ಸ್ಕ್ವೇರ್ ಮಾಲ್ ಬಾಗಿಲು ತೆರೆಯಿತು. ಆಗ ಅದು ದೇಶದ ಅತಿ ದೊಡ್ಡ ಮಾಲುಗಳಲ್ಲಿ ಒಂದು. 2014ರಲ್ಲಿ ಪಕ್ಕದಲ್ಲೇ ಮೆಟ್ರೋ ಬಂತು. ನಿಲ್ದಾಣದ ಬೋರ್ಡಿನ ಮೇಲೂ ಮಾಲಿನ ಹೆಸರು ಏರಿತು. ನೂಲು ತೆಗೆದ ಮಿಲ್ಲಿಗೆ ಆ ಬೋರ್ಡಿನಲ್ಲಿ ಜಾಗ ಸಿಗಲಿಲ್ಲ.

ಇದು ಏಳುವ ಕಥೆ. ಬೀಳುವ ಕಥೆಯೂ ಕೇಳಿ. 2017ರ ಜನವರಿಯಲ್ಲಿ ಆ ಮಾಲಿನ ಹಿಂಬದಿಯ ಗೋಡೆ ಕುಸಿಯಿತು. ಆಸ್ತಿ ತೆರಿಗೆ ಬಾಕಿಗಾಗಿ ಆಗಿನ ಬಿಬಿಎಂಪಿ 2021ರಲ್ಲಿ ಬೀಗ ಹಾಕಿತು, 2024ರಲ್ಲಿ ಮತ್ತೆ ಹಾಕಿತು. 2022ರ ಜೂನ್‌ನಲ್ಲಿ ಕಂಪನಿಯ ಸ್ಥಾಪಕ ಸುಶೀಲ್ ಮಂತ್ರಿಯವರನ್ನು ಜಾರಿ ನಿರ್ದೇಶನಾಲಯ ಬಂಧಿಸಿತು. ಸಾವಿರಕ್ಕೂ ಹೆಚ್ಚು ಜನರಿಂದ ಸಾವಿರ ಕೋಟಿ ರೂಪಾಯಿ ಎತ್ತಿ, ವರ್ಷಗಟ್ಟಲೆ ಕಳೆದರೂ ಮನೆ ಕೊಡಲಿಲ್ಲ ಎಂಬುದು ಆರೋಪ. ಆರೋಪ ಆರೋಪವೇ, ತೀರ್ಪು ಕೊಡುವುದು ಕೋರ್ಟಿನ ಕೆಲಸ, ನಮ್ಮದಲ್ಲ.

ನಾವು ತಿಳಿಯಬೇಕಾದದ್ದು ಈ ಧಂದೆ ನಡೆಯುವ ರೀತಿ. ಕಟ್ಟಡ ಏಳುವ ಮೊದಲೇ ಮನೆ ಮಾರಾಟ. ಕೊಳ್ಳುವವನ ಹೆಸರಿನಲ್ಲಿ ಬ್ಯಾಂಕಿನ ಸಾಲ, ದುಡ್ಡು ಬಿಲ್ಡರ್ ಕೈಗೆ. ಕೀಲಿ ಕೊಡುವ ತನಕ ಕಂತು ನಾವೇ ಕಟ್ಟುತ್ತೇವೆ ಎಂಬ ಮಾತು. ಹೊಸ ಗಿರಾಕಿಯ ದುಡ್ಡು ಬರುತ್ತಿರುವ ತನಕ ಎಲ್ಲ ಸರಿ. ಅದು ನಿಂತ ದಿನ ಕೆಲಸವೂ ನಿಲ್ಲುತ್ತದೆ, ಕಂತು ಕೊಂಡವನ ತಲೆಗೆ ಬರುತ್ತದೆ.

ಹಾಗೆ ಮೋಸ ಹೋದವರ ಕಣ್ಣೀರು ಸುಳ್ಳಲ್ಲ. ಅವರ ಹೋರಾಟದಿಂದಲೇ 2016ರಲ್ಲಿ ರೇರಾ ಕಾಯ್ದೆ ಬಲವಾಗಿ ಬಂತು. 2018ರಲ್ಲಿ ದಿವಾಳಿ ಕಾಯ್ದೆಗೆ ತಿದ್ದುಪಡಿಯಾಗಿ, ಮನೆಗೆ ಮುಂಗಡ ಕೊಟ್ಟವರೂ ಸಾಲ ಕೊಟ್ಟವರ ಸಾಲಿನಲ್ಲಿ ನಿಂತರು. ಅದೇ ದಿವಾಳಿ ಕಾಯ್ದೆಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೂ ಮೇಲಿನ ಜಾಗವಿದೆ. ಆದರೆ ಯಾವ ಕಾರ್ಮಿಕ? ರಿಜಿಸ್ಟರಿನಲ್ಲಿ ಹೆಸರಿರುವ ಕಾರ್ಮಿಕ. ರಾಯಚೂರು, ಯಾದಗಿರಿಯಿಂದ ಗಂಟುಮೂಟೆ ಹೊತ್ತು ಬಂದ ನಮ್ಮ ಅಕ್ಕ ಎಷ್ಟು ಬಾಂಡ್ಲಿ ಜಲ್ಲಿ ಹೊತ್ತಳೆಂದು ಯಾವ ರಿಜಿಸ್ಟರು ಹೇಳುತ್ತದೆ? ಬ್ಯಾಂಕಿನ ಹತ್ತಿರ ಕಾಗದ ಇದೆ. ಕೊಂಡವನ ಹತ್ತಿರ ಕಾಗದ ಇದೆ. ಕಟ್ಟಿದವರ ಹತ್ತಿರ ಕೈಯ ದಡ್ಡು ಮಾತ್ರ ಇದೆ.

ಕಾಗದ ಇಲ್ಲದವರ ಮನೆಯೇ ಹೋದದ್ದನ್ನೂ ಈ ನಗರ ಕಂಡಿದೆ. ಈಜಿಪುರದಲ್ಲಿ ಪಾಲಿಕೆ ಬಡವರಿಗೆಂದು 1,512 ಮನೆ ಕಟ್ಟಿಸಿತ್ತು. ಹೆಚ್ಚು ವರ್ಷ ಆಗುವ ಮೊದಲೇ ಅವು ಕುಸಿಯತೊಡಗಿದವು. ಜನ ತಗಡಿನ ಶೆಡ್ಡಿಗೆ ಬಂದರು. ಪಾಲಿಕೆ ಮೇವರಿಕ್ ಹೋಲ್ಡಿಂಗ್ಸ್ ಎಂಬ ಖಾಸಗಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು: ಒಂದು ಪಾಲಿನಲ್ಲಿ ಬಡವರ ಮನೆ, ಇನ್ನೊಂದು ಪಾಲಿನಲ್ಲಿ ಮಾಲು. 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ಬಂತು. ದಲಿತರು, ಮುಸ್ಲಿಮರು, ಹಸುಗೂಸಿನ ತಾಯಂದಿರು ಫುಟ್‌ಪಾತಿಗೆ ಬಿದ್ದರು. ಮಾಲಿಗೆ ಹಾಕಿದ ಬೀಗವನ್ನು ಕೋರ್ಟಿಗೆ ಹೋಗಿ ತೆಗೆಸಬಹುದು. ಕೆಡವಿದ ಶೆಡ್ಡನ್ನು ಯಾವ ಕೋರ್ಟು ಮತ್ತೆ ನಿಲ್ಲಿಸಿತು?

ಹಾಸ್ಟೆಲ್ಲಿನ ಗೆಳೆಯರೇ, ಓದಿ ಸಿಟ್ಟಾಗಿ ಈ ಹಾಳೆ ಮಡಚಿಟ್ಟರೆ ಸಾಲದು. ನಮಗೆ ಅಕ್ಷರ ಬಂದಿದೆ. ಅದರಿಂದ ಮಾಡಬಹುದಾದ ಕೆಲಸ ಇದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಆ ಮಂಡಳಿಗೆ ಬರುತ್ತದೆ. ಅದು ದಾನವಲ್ಲ, ನಮ್ಮವರ ಬೆವರಿನ ದುಡ್ಡು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಎಂಬ ಮಾತು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಆದರೆ ದುಡಿದದ್ದಕ್ಕೆ ಪುರಾವೆ ಬೇಕು.

ರಜೆಗೆ ಊರಿಗೆ ಹೋದಾಗ, ಭಾನುವಾರ ಶೆಡ್ಡುಗಳಿಗೆ ಹೋದಾಗ, ಆ ಪುರಾವೆ ಬರೆದುಕೊಡಿ. ಯಾವ ತಾರೀಕು, ಯಾವ ಕಟ್ಟಡ, ಗೇಟಿನ ಬೋರ್ಡಿನಲ್ಲಿ ಯಾವ ಕಂಪನಿ, ಮೇಸ್ತ್ರಿ ಯಾರು, ಕೂಲಿ ಎಷ್ಟು, ಕೊಟ್ಟದ್ದೆಷ್ಟು. ಜೊತೆಗೆ ದುಡಿದ ಇಬ್ಬರ ಸಹಿ, ಇಲ್ಲವೇ ಹೆಬ್ಬೆಟ್ಟು.

ಮಾವನಿಗೆ ನಾನೂ ಒಂದು ನೋಟ್‌ಬುಕ್ ಕೊಟ್ಟೆ. ಮೊದಲ ಹಾಳೆಯಲ್ಲಿ ಆ ಐದು ವಾರದ ಲೆಕ್ಕ ಬರೆದೆವು. ಕಂಪನಿಯ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಈ ಭಾನುವಾರ ಇಬ್ಬರೂ ಆ ಗೇಟಿಗೆ ಹೋಗಿ ಬೋರ್ಡು ಓದಿಕೊಂಡು ಬರುತ್ತೇವೆ.