ಎಷ್ಟು ವಾಟ್‌ನ ಮಿಕ್ಸರ್ ಕೊಳ್ಳಬೇಕು?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಅಡುಗೆಮನೆಗಳಲ್ಲಿ ಮಿಕ್ಸರಿಗೆ ಕಷ್ಟದ ಕೆಲಸವೇ ಹೆಚ್ಚು. ಶೇಂಗಾ ಹಿಂಡಿ, ಖಾರದ ಪುಡಿ, ಮಸಾಲೆ ಎಲ್ಲವನ್ನೂ ನೀರು ಹಾಕದೆ ಅರೆಯಬೇಕು. ಹಣ್ಣಿನ ರಸ ತೆಗೆಯುವ ಸಣ್ಣ ಯಂತ್ರ ಇದಕ್ಕೆ ಸಾಲದು. ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ 1960ರ ದಶಕದಲ್ಲಿ ನಮ್ಮ ಅಡುಗೆಗೆ ತಕ್ಕ ‘ಸುಮೀತ್’ ಮಿಕ್ಸರನ್ನು ರೂಪಿಸಿದ್ದು ಇದಕ್ಕಾಗಿಯೇ.

500 ವಾಟ್‌ನದೋ, 750 ವಾಟ್‌ನದೋ? ದೊಡ್ಡದನ್ನು ಕೊಂಡರೆ ಕರೆಂಟ್ ಬಿಲ್ ಏರೀತೆಂಬ ಅಂಜಿಕೆ ಪಾಲಕರಿಗೆ. ವಿದ್ಯಾರ್ಥಿಗಳೇ, ಲೆಕ್ಕ ಮಾಡಿ ತೋರಿಸಿ. ವಾಟ್‌ಗಳನ್ನು ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 750 ವಾಟ್‌ನ ಮಿಕ್ಸರ್ ಪೂರ್ಣ ಶಕ್ತಿಯಲ್ಲಿ ದಿನಕ್ಕೆ 10 ನಿಮಿಷ ಓಡಿದರೆ 30 ದಿನಕ್ಕೆ 3.75 ಯೂನಿಟ್. ಅಷ್ಟೇ ಕೆಲಸಕ್ಕೆ 500 ವಾಟ್‌ನದು 15 ನಿಮಿಷ ಓಡಿದರೂ 3.75 ಯೂನಿಟ್ಟೇ!

ವ್ಯತ್ಯಾಸವಿರುವುದು ಕಾವಿನಲ್ಲಿ. ಭಾರ ಹೆಚ್ಚಾದರೆ ಮೋಟಾರು ನಿಧಾನವಾಗಿ, ಹೆಚ್ಚು ಕರೆಂಟ್ ಎಳೆಯುತ್ತದೆ. ಅದನ್ನು ತಣಿಸುವ ಫ್ಯಾನು ಅದೇ ದಂಡಕ್ಕೆ ಜೋಡಿಸಿದ್ದರಿಂದ ಗಾಳಿಯೂ ತಗ್ಗುತ್ತದೆ. ಕೊನೆಗೆ ತಂತಿಯ ಸುರುಳಿ ಸುಡುತ್ತದೆ. ವೋಲ್ಟೇಜ್ ಇಳಿದಾಗ ಅರೆದರೂ ಇದೇ ಅಪಾಯ. ಆದ್ದರಿಂದ ಹಿಂಡಿ, ಖಾರ ಅರೆಯುವ ಮನೆಗೆ 750 ವಾಟ್‌ನದೇ ಲೇಸು. ಐ.ಎಸ್.ಐ. ಮುದ್ರೆ, ತಳದಲ್ಲಿ ಓವರ್‌ಲೋಡ್ ಗುಂಡಿ, ಹತ್ತಿರದಲ್ಲೇ ರಿಪೇರಿ ಸೌಕರ್ಯ ಇವೆಯೇ ನೋಡಿ.

ಗುಂಡಿ ಹಾರಿ ಮಿಕ್ಸರ್ ನಿಂತರೆ ಪ್ಲಗ್ ತೆಗೆಯಿರಿ. ಜಾರಿನ ಪದಾರ್ಥ ಕಡಿಮೆ ಮಾಡಿ, ಮೋಟಾರು ತಣ್ಣಗಾದ ಮೇಲೆ ಗುಂಡಿ ಒತ್ತಿರಿ. ಹುರಿದ ಶೇಂಗಾ ಪೂರ್ತಿ ಆರಲಿ. ಆಮೇಲೆ ತಡೆತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಕಾಳು ಎಣ್ಣೆ ಬಿಟ್ಟು ಹಿಂಡಿ ಮುದ್ದೆಯಾಗುತ್ತದೆ. ಬಿಡುವು ಕೊಟ್ಟರೆ ಹಿಂಡಿಯೂ ಉದುರು, ಮಿಕ್ಸರಿಗೂ ಬಾಳಿಕೆ.