ತವರಿನ ಹಂಬಲವೆಂಬ ಸುಲಭದ ಓದು

ಪರದೇಶದಲ್ಲಿ ಕುಳಿತು ಬರೆದ ಕತೆಗಾರನ ಹೆಸರು ಬಂದೊಡನೆ ನಮ್ಮ ವಿಮರ್ಶೆಯ ಬಾಯಿಗೆ ಮೊದಲು ಬರುವ ಮಾತು ‘ತವರಿನ ಹಂಬಲ’. ಮಾತು ಹಿತವಾಗಿದೆ. ಹೇಳಿದವರಿಗೂ ಕೇಳಿದವರಿಗೂ ಕಣ್ಣು ತೇವವಾಗುತ್ತದೆ. ಯಾರ ಮೇಲೂ ಯಾವ ಹೊರೆಯೂ ಬೀಳುವುದಿಲ್ಲ. ಫಿಲಿಪೀನ್ಸಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ಕತೆಗಾರ ಬಿಯೆನ್ವೆನಿಡೊ ಸಾಂತೋಸ್ (1911–1996) ಅವರಿಗೂ ಇದೇ ಹಣೆಪಟ್ಟಿ ಅಂಟಿದೆ. ಇದು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಇದು ಅರ್ಧ ಸತ್ಯ. ಕತೆಗಳು ಕೇಳುವ ಮುಖ್ಯ ಪ್ರಶ್ನೆಯಿಂದ ಓದುಗರನ್ನು ಪಾರುಮಾಡುವ ಅರ್ಧ ಸತ್ಯ ಎಂಬುದೇ ನಮ್ಮ ತಕರಾರು.

ಆ ಪ್ರಶ್ನೆ ಯಾವುದೆಂದು ತಿಳಿಯಲು ಫಿಲಿಪೀನ್ಸಿನಿಂದ ಹೊರಟವರು ಯಾರೆಂಬುದನ್ನು ನೋಡಬೇಕು. 1898ರಲ್ಲಿ ಆ ದ್ವೀಪಗಳು ಸ್ಪೇನಿನ ಕೈಯಿಂದ ಅಮೆರಿಕೆಯ ಕೈಗೆ ಬಂದವು. ಬಳಿಕ ಹವಾಯಿಯ ಕಬ್ಬಿನ ತೋಟಗಳಿಗೆ, ಕ್ಯಾಲಿಫೋರ್ನಿಯದ ಹೊಲಗಳಿಗೆ, ಅಲಾಸ್ಕದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿಗೆ ಕೂಲಿಯಾಳುಗಳಾಗಿ ಹೋದವರು ಒಂದು ವರ್ಗ. ಸರ್ಕಾರದ ವಿದ್ಯಾರ್ಥಿವೇತನ ಪಡೆದು ವಿಶ್ವವಿದ್ಯಾಲಯಗಳಿಗೆ ಹೋದ ‘ಪೆನ್ಷನಾಡೊ’ಗಳು ಇನ್ನೊಂದು ವರ್ಗ. ಕೂಲಿಗೆ ಹೋದವರಲ್ಲಿ ಬಹುಪಾಲು ಒಂಟಿ ಗಂಡಸರು. ಬಿಳಿಯ ಹೆಣ್ಣನ್ನು ಅವರು ಮದುವೆಯಾಗುವುದನ್ನು ಕ್ಯಾಲಿಫೋರ್ನಿಯ 1933ರಲ್ಲಿ ಕಾನೂನಿನಿಂದಲೇ ನಿಷೇಧಿಸಿತು. 1934ರ ಕಾಯಿದೆ ಹೊಸದಾಗಿ ಬರುವವರ ಸಂಖ್ಯೆಯನ್ನು ವರ್ಷಕ್ಕೆ 50ಕ್ಕೆ ಇಳಿಸಿತು. ಅಮೆರಿಕೆಯ ಪೌರತ್ವ ಪಡೆಯುವ ಹಕ್ಕು ಇವರಿಗೆ ಸಿಕ್ಕದ್ದು 1946ರಲ್ಲಿ. ಅಲ್ಲಿದ್ದ ಭಾರತೀಯರಿಗೆ ಆ ಹಕ್ಕನ್ನು ಕೊಟ್ಟದ್ದೂ ಅದೇ ಕಾಯಿದೆ.

ಸಾಂತೋಸ್ ಎರಡನೆಯ ವರ್ಗದವರು. ಮನಿಲಾದ ಬಡವರ ಕೇರಿಯಾದ ಟೊಂಡೊದಲ್ಲಿ ಹುಟ್ಟಿದರೂ 1941ರಲ್ಲಿ ಸರ್ಕಾರದ ವೇತನದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ಡಿಸೆಂಬರಿನಲ್ಲಿ ಜಪಾನು ಫಿಲಿಪೀನ್ಸಿನ ಮೇಲೆ ದಾಳಿ ಮಾಡಿತು. ಹೆಂಡತಿ ಮಕ್ಕಳು ಅಲ್ಲಿ, ಇವರು ಇಲ್ಲಿ. ವಾಷಿಂಗ್ಟನ್ನಿನಲ್ಲಿದ್ದ ದೇಶಭ್ರಷ್ಟ ಫಿಲಿಪೀನ್ಸ್ ಸರ್ಕಾರ ಇವರನ್ನು ಕೆಲಸಕ್ಕೆ ತೆಗೆದುಕೊಂಡಿತು; ಅಮೆರಿಕೆಯ ಊರೂರುಗಳಲ್ಲಿ ಇವರು ತಾಯ್ನಾಡಿನ ಬಗ್ಗೆ ಭಾಷಣ ಮಾಡುತ್ತ ತಿರುಗಿದರು. ಕೂಲಿಗಳನ್ನು ಇವರು ಹತ್ತಿರದಿಂದ ಕಂಡದ್ದು ಆ ತಿರುಗಾಟದಲ್ಲಿ, ಸಂಬಳ ಪಡೆದ ಭಾಷಣಕಾರನಾಗಿ.

‘ಸೆಂಟ್ ಆಫ್ ಆಪಲ್ಸ್’ ಕತೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಿಷಿಗನ್ನಿನ ಕಲಮಜೂ ಊರಿನ ಸಭೆಯಲ್ಲಿ ಫಾಬಿಯಾ ಎಂಬ ಫಿಲಿಪಿನೊ ರೈತ ಎದ್ದು ನಿಲ್ಲುತ್ತಾನೆ. ನಮ್ಮ ಹೆಂಗಸರು ಇಪ್ಪತ್ತು ವರ್ಷದ ಹಿಂದೆ ಇದ್ದಂತೆಯೇ ಇದ್ದಾರೆಯೇ ಎಂಬುದು ಅವನ ಪ್ರಶ್ನೆ. ಭಾಷಣಕಾರನು ಉತ್ತರವನ್ನು ಅಳೆದು ತೂಗುತ್ತಾನೆ. ಹೊರಗಿನ ವೇಷ ಬದಲಾಗಿದೆ, ಮನಸ್ಸು ಹಾಗೆಯೇ ಇದೆ ಎನ್ನುತ್ತಾನೆ. ರೈತನಿಗೆ ಸಂತೋಷವಾಗುತ್ತದೆ. ಈ ಕತೆಯಲ್ಲಿ ತವರಿನ ಹಂಬಲವೆಂಬುದು ವೇದಿಕೆಯ ಮೇಲಿರುವವನು ಕೆಳಗಿರುವವನಿಗೆ ಎತ್ತಿಕೊಡುವ ಸಮಾಧಾನ. ಕೊಡುವವನಿಗೆ ಅದರಿಂದ ಖರ್ಚಿಲ್ಲ.

ಮರುದಿನ ಆ ರೈತ ಭಾಷಣಕಾರನನ್ನು ತನ್ನ ಮನೆಗೆ ಕರೆದೊಯ್ಯುತ್ತಾನೆ. ‘ಫಸ್ಟ್ ಕ್ಲಾಸ್’ ಫಿಲಿಪಿನೊ ಒಬ್ಬನನ್ನು ಕರೆತರುತ್ತೇನೆ ಎಂದು ಹೆಂಡತಿಗೆ ಹೇಳಿದ್ದಾನೆ; ಹಾಗೆ ಯಾರೂ ಇರಲಾರರೆಂದು ಅವಳು ನಕ್ಕಿದ್ದಾಳೆ. ಹಳೆಯ ಮನೆಯೊಳಗೆ ಫಿಲಿಪಿನೊ ಉಡುಗೆಯ ಹೆಣ್ಣೊಬ್ಬಳ ಚಿತ್ರವಿದೆ. ಮುಖ ಮಾಸಿಹೋಗಿದೆ, ಅವಳು ಯಾರೆಂಬುದು ಮನೆಯವರಿಗೇ ತಿಳಿಯದು. ಅವನು ಸಾಯುವಂತಾದಾಗ ಹಿಮದಲ್ಲಿ ರಸ್ತೆಯವರೆಗೆ ಸಾಗಿಸಿ ಉಳಿಸಿಕೊಂಡವಳು ಅಮೆರಿಕದ ಹೆಂಡತಿ ರೂತ್. ಬೀಳ್ಕೊಡುವಾಗ, ನಿನ್ನ ಊರಿಗೆ ಸುದ್ದಿ ಮುಟ್ಟಿಸಲೇ ಎಂದರೆ ಬೇಡ ಎನ್ನುತ್ತಾನೆ. ಅಲ್ಲಿ ತನ್ನನ್ನು ನೆನೆಯುವವರು ಯಾರೂ ಇಲ್ಲ. ಹಂಬಲವನ್ನು ವೈಭವೀಕರಿಸುವ ಲೇಖಕ ಆ ಚಿತ್ರಕ್ಕೆ ಒಂದು ಮುಖ ಕೊಡುತ್ತಿದ್ದ. ಸಾಂತೋಸ್ ಕೊಡಲಿಲ್ಲ.

‘ದ ಡೇ ದ ಡ್ಯಾನ್ಸರ್ಸ್ ಕೇಮ್’ ಇನ್ನೂ ಕಠೋರ. ತಾಯ್ನಾಡಿನ ಯುವ ನೃತ್ಯತಂಡ ಶಿಕಾಗೋಗೆ ಬಂದಾಗ ವಯಸ್ಸಾದ ಫಿಲ್ ಅವರನ್ನು ಮನೆಗೆ ಊಟಕ್ಕೆ ಕರೆಯಬೇಕೆಂದು ಕಾದಿರುತ್ತಾನೆ; ಅವರು ಅವನಿಂದ ಸರಿದುಹೋಗುತ್ತಾರೆ. ಸಂಸ್ಕೃತಿಯ ರಾಯಭಾರಿಗಳಿಗೆ ಆ ಸಂಸ್ಕೃತಿಯ ಮುದುಕ ಬೇಡ. ಕೊನೆಗೆ ಅವರ ಸಂಗೀತವನ್ನು ಹಿಡಿದಿಟ್ಟ ಧ್ವನಿಸುರುಳಿಯನ್ನು ಅವನ ಕೈಯೇ ಅಳಿಸಿಬಿಡುತ್ತದೆ.

ಕತೆಯನ್ನು ಹೀಗೆ ವರ್ಗದ ಲೆಕ್ಕಕ್ಕೆ ಇಳಿಸುವುದು ರಸಹೀನತೆ ಎಂದು ಆಕ್ಷೇಪಿಸುವವರಿದ್ದಾರೆ. ಸಾಂತೋಸರೂ ಹಂಬಲಿಸಿದವರೇ ಅಲ್ಲವೇ ಎಂದು ಅವರು ಕೇಳುತ್ತಾರೆ. ಹೌದು. 1972ರಲ್ಲಿ ಮಾರ್ಕೋಸ್ ಸೇನಾಡಳಿತ ಹೇರಿದ ಬಳಿಕ ಅವರು ಅಮೆರಿಕೆಯಲ್ಲೇ ಉಳಿದರು. ವಿಚಿಟಾ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. 1976ರಲ್ಲಿ ಅಲ್ಲಿನ ಪ್ರಜೆಯಾದರು. ಕೊನೆಯುಸಿರೆಳೆದದ್ದು ಫಿಲಿಪೀನ್ಸಿನ ಆಲ್ಬೈ ಪ್ರಾಂತದಲ್ಲಿ. ಆದರೆ ಅವರಿಗೆ ಮರಳಲು ಒಂದು ಮನೆಯಿತ್ತು, ಓದುಗರಿದ್ದರು, ಹೆಸರಿತ್ತು. ಫಾಬಿಯಾಗೆ ಇರಲಿಲ್ಲ. ಈ ವ್ಯತ್ಯಾಸವನ್ನು ಕತೆಗಾರ ಮುಚ್ಚಿಡದೆ ನಿರೂಪಕನ ತಲೆಯ ಮೇಲೇ ಹೊರಿಸಿದ. ಕತೆಯ ರಸ ಇರುವುದೇ ಅಲ್ಲಿ.

ಅಮೆರಿಕವೂ ಇವರನ್ನು ಬೇಗನೆ ಓದಲಿಲ್ಲ. ‘ಯೂ ಲವ್ಲಿ ಪೀಪಲ್’ ಮನಿಲಾದಲ್ಲಿ 1955ರಲ್ಲಿ ಬಂದರೆ, ಅಮೆರಿಕೆಯಲ್ಲಿ ಇವರ ಮೊದಲ ಪುಸ್ತಕ ಬಂದದ್ದು 1979ರಲ್ಲಿ. ನಾವು ಓದಿದ ಇಂಗ್ಲಿಷ್ ಎಂ.ಎ. ಪಠ್ಯದಲ್ಲಿ ಹೆಮಿಂಗ್ವೇ ಇದ್ದರು, ಫಾಕ್ನರ್ ಇದ್ದರು. ಇವರ ಹೆಸರೇ ಇರಲಿಲ್ಲ.

ಹೊರನಾಡಿನ ಕನ್ನಡಿಗರಾದ ನಮಗೆ ಈ ಓದು ಬೇಕಾದದ್ದು ಇದೇ ಕಾರಣಕ್ಕೆ. ವರ್ಗಾವಣೆಯ ಆದೇಶ ಹಿಡಿದು, ಪ್ರಯಾಣ ಭತ್ಯೆ ಪಡೆದು ಊರು ಬಿಟ್ಟ ನಮ್ಮಂಥವರದೂ ವಲಸೆಯೇ. ಮುಂಬಯಿಯ ಹೋಟೆಲಿನಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರದೂ, ಉತ್ತರ ಕರ್ನಾಟಕದಿಂದ ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದವರದೂ ವಲಸೆಯೇ. ಆದರೆ ಎರಡಕ್ಕೂ ಒಂದೇ ಹಂಬಲದ ಹೊದಿಕೆ ಹೊದಿಸುವುದು ನಮಗೆ ಅನುಕೂಲ. ರಾಜ್ಯೋತ್ಸವದ ವೇದಿಕೆಯಲ್ಲಿ ನಾಡಿನ ಗುಣಗಾನ ಮಾಡುವವರು ನಾವು. ಕುರ್ಚಿ ಜೋಡಿಸುವವರು, ಊಟ ಬಡಿಸುವವರು ಅವರು. ನಮ್ಮ ಹೊರನಾಡ ಸಂಕಲನಗಳ ವಿಷಯಸೂಚಿಯನ್ನು ಒಮ್ಮೆ ತೆರೆದು ನೋಡೋಣ: ಅವರ ಬದುಕಿಗೆ ಎಷ್ಟು ಪುಟ ಸಿಕ್ಕಿದೆ? ಅವರೇ ಬರೆದದ್ದಕ್ಕೆ ಎಷ್ಟು? ಸಾಂತೋಸ್ ಸಭೆ ಮುಗಿದ ಮೇಲೆ ತನ್ನ ಭಾಷಣಕಾರನನ್ನು ಫಾಬಿಯಾನ ಮನೆಗೆ ಕಳುಹಿಸಿದರು. ನಮ್ಮ ಸಭೆಗಳು ಮುಗಿದ ಮೇಲೆ ನಾವು ಎಲ್ಲಿಗೆ ಹೋಗುತ್ತಿದ್ದೇವೆ?